ಕಡಲತೀರದ ಭಾರ್ಗವ, ಮಕ್ಕಳ ಕಾರಂತಜ್ಜ

ಶಿವರಾಮ ಕಾರಂತರಿಗೆ ಕನ್ನಡ ನಾಡು ಇತ್ತ ಹೆಸರುಗಳಲ್ಲಿ ಎರಡು ಜನರ ನಾಲಗೆಯ ಮೇಲೆ ಭದ್ರವಾಗಿ ಉಳಿದಿವೆ. ಒಂದು ‘ಕಡಲತೀರದ ಭಾರ್ಗವ’, ಮತ್ತೊಂದು ‘ಕಾರಂತಜ್ಜ’. ಮೊದಲನೆಯದು ದೊಡ್ಡವರು ಗೌರವದಿಂದಲೂ ಕೊಂಚ ಭಯದಿಂದಲೂ ಕೊಟ್ಟದ್ದು. ಎರಡನೆಯದು ಮಕ್ಕಳು ಸಲಿಗೆಯಿಂದ ಕರೆದದ್ದು. ಕೊಡಲಿಯನ್ನು ಬೀಸಿ ಎಸೆದು ಕಡಲನ್ನೇ ಹಿಂದಕ್ಕೆ ಸರಿಸಿದನೆಂದು ಕರಾವಳಿಯ ಜನ ನಂಬುವ ಪರಶುರಾಮನೆಲ್ಲಿ, ಮಕ್ಕಳ ಕಾಗದಗಳಿಗೆ ಉತ್ತರ ಬರೆಯುತ್ತ ಕುಳಿತ ಅಜ್ಜನೆಲ್ಲಿ! ಈ ಎರಡು ಹೆಸರುಗಳೂ ಒಬ್ಬರಿಗೇ ಸಂದವು ಎಂಬುದನ್ನು ನೆನೆದಾಗ ಅಚ್ಚರಿಯಾಗದಿರದು.

ಬೆಳ್ಳಿಯಂತೆ ಬೆಳ್ಳಗಾದ ದಟ್ಟ ಕೂದಲು, ನೇರವಾದ ನೋಟ, ಮುಖ ನೋಡಿ ಮಣೆ ಹಾಕದ ಮಾತು. ಸಭೆಗಳಲ್ಲಿ ಕಾರಂತರನ್ನು ಕಂಡವರ ನೆನಪು ಸಾಮಾನ್ಯವಾಗಿ ಹೀಗೆಯೇ ಇರುತ್ತದೆ. ಹುಸಿ ಹೊಗಳಿಕೆ ಅವರಿಗೆ ಸೇರುತ್ತಿರಲಿಲ್ಲ. ಅರ್ಥವಿಲ್ಲದ ಆಚಾರ ಸೇರುತ್ತಿರಲಿಲ್ಲ. ಆದರೆ ಆ ಗಂಭೀರ ಮುದ್ರೆಯ ಹಿಂದೆ ಆಟವನ್ನು ಬದುಕಿನ ಉಸಿರೆಂದು ಬಗೆದ ಜೀವವೊಂದಿತ್ತು. ಕೈಯಲ್ಲಿದ್ದುದನ್ನೂ, ಕೈಯಲ್ಲಿಲ್ಲದೆ ಸಾಲವಾಗಿ ತಂದುದನ್ನೂ ಪರರ ಮಕ್ಕಳ ಓದಿಗಾಗಿ ಸುರಿದ ಉದಾರಿಯೊಬ್ಬನಿದ್ದ. ಹೆಂಡತಿ ಮಕ್ಕಳೊಡನೆ ಸುಖವನ್ನೂ ಸಹಿಸಲಾರದ ದುಃಖವನ್ನೂ ಉಂಡ ಗೃಹಸ್ಥನಿದ್ದ. ಜ್ಞಾನಪೀಠದ ಕಾರಂತರನ್ನು ನಾಡು ಬಲ್ಲುದು. ಈ ಗೃಹಸ್ಥನನ್ನೂ ಅಜ್ಜನನ್ನೂ ಪರಿಚಯಿಸಿಕೊಳ್ಳುವುದು ಇಲ್ಲಿಯ ಉದ್ದೇಶ.

ನೌಕರಿಯಿಲ್ಲದ ಬದುಕು

1902ರ ಅಕ್ಟೋಬರ್ 10ರಂದು ಉಡುಪಿಯ ಉತ್ತರಕ್ಕಿರುವ ಕೋಟದಲ್ಲಿ ಕಾರಂತರ ಜನನ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದ ತರುಣ ಗಾಂಧೀಜಿಯವರ ಕರೆಗೆ ಓಗೊಟ್ಟು 1922ರಲ್ಲಿ ಕಾಲೇಜನ್ನು ಬಿಟ್ಟು ಹೊರಬಂದರು. ಆ ಬಳಿಕ ಅವರು ಯಾವ ಪದವಿಗಾಗಿಯೂ ಓದಲಿಲ್ಲ, ಯಾವ ಕಚೇರಿಯ ಸಂಬಳವನ್ನೂ ನೆಚ್ಚಿಕೊಳ್ಳಲಿಲ್ಲ. ಖಾದಿಯ ಪ್ರಚಾರ ಮಾಡಿದರು, ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು, ನಾಟಕ ಕಟ್ಟಿದರು, ಕ್ಯಾಮೆರಾ ಹಿಡಿದರು, ಮೂಕಿ ಚಿತ್ರಗಳ ಕಾಲದಲ್ಲಿ ಚಲನಚಿತ್ರಕ್ಕೂ ಕೈಹಾಕಿದರು. ಕೈಯಿಟ್ಟ ಕೆಲಸಗಳಲ್ಲಿ ಕೆಲವು ಕೂಡಿಬಂದವು, ಹಲವು ಕೈಸುಟ್ಟವು. ತಮ್ಮ ಆತ್ಮಕಥೆಗೆ ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟುದು ಸುಮ್ಮನೆ ಅಲ್ಲ. ತಮ್ಮನ್ನು ಕುರಿತು ತಾವೇ ನಗಬಲ್ಲವರು ಮಾತ್ರ ಅಂಥ ಹೆಸರಿಡಬಲ್ಲರು.

ಅಲೆದಾಡುತ್ತಿದ್ದ ಈ ಮನಸ್ಸು ಬೇರೂರಿದ್ದು ಪುತ್ತೂರಿನಲ್ಲಿ. ಅಲ್ಲಿ ಸಹಕಾರಿ ಚಳವಳಿಯ ಹಿರಿಯರಾದ ಮೊಳಹಳ್ಳಿ ಶಿವರಾಯರಿದ್ದರು. ಅವರ ಬೆಂಬಲದಿಂದ ದಸರೆಯ ದಿನಗಳಲ್ಲಿ ಪುತ್ತೂರಿನಲ್ಲಿ ನಾಡಹಬ್ಬ ನಡೆಯತೊಡಗಿತು. ಭಾಷಣ, ಸಂಗೀತ, ನಾಟಕ, ಕುಣಿತಗಳಿಂದ ಆ ಸಣ್ಣ ಊರು ತುಂಬಿಹೋಗುತ್ತಿತ್ತು. ಹಬ್ಬವೆಂದರೆ ಹತ್ತು ಜನ ಸೇರಿ ಸಂತೋಷಪಡುವುದು ಎಂಬುದು ಕಾರಂತರಿಗೆ ಸಹಜವಾಗಿ ಒಲಿದ ಭಾವ. ಆದರೆ ಆ ಸಂತೋಷ ವರ್ಷಕ್ಕೊಮ್ಮೆ ಬಂದು ಹೋಗುವ ಅತಿಥಿಯಾಗಿರುವುದು ಅವರಿಗೆ ಸಾಲದು. ಅದು ಮಕ್ಕಳ ಪ್ರತಿದಿನದ ಓದಿನೊಳಗೆ ಸೇರಬೇಕೆಂದು ಅವರು ಬಯಸಿದರು.

ಆಟದ ಅಂಗಳ

ಹೀಗೆ ಮೂಡಿದ್ದು ಪುತ್ತೂರಿನ ಪರ್ಲಡ್ಕದ ‘ಬಾಲವನ’. 1930ರ ದಶಕದಲ್ಲಿ ನಮ್ಮ ಶಾಲೆಗಳಲ್ಲಿ ಬಾಯಿಪಾಠ ಮತ್ತು ಬೆತ್ತಗಳೆರಡೇ ವಿದ್ಯೆಯ ಸಾಧನಗಳಾಗಿದ್ದಾಗ ಗುಡ್ಡದ ಮೇಲಿನ ಮರಗಳ ನೆರಳಿನಲ್ಲಿ ಕಾರಂತರು ಮಕ್ಕಳನ್ನು ಸೇರಿಸಿ ಹಾಡು, ಕುಣಿತ, ಚಿತ್ರ, ನಾಟಕಗಳ ಮೂಲಕ ಕಲಿಸುವ ಪ್ರಯೋಗಕ್ಕೆ ತೊಡಗಿದರು. ಅಕ್ಷರ ಕಲಿಯುವ ಎಳೆಯರಿಗಾಗಿ ಅವರು ಬರೆದ ಪುಸ್ತಕದ ಹೆಸರು ‘ಓದುವ ಆಟ’. ಆ ಎರಡು ಪದಗಳಲ್ಲಿ ಅವರ ಶಿಕ್ಷಣದ ಸಿದ್ಧಾಂತವೆಲ್ಲ ಅಡಗಿದೆ. ಓದು ಬೇರೆ, ಆಟ ಬೇರೆ ಎಂದು ನಂಬಿದ್ದ ತಂದೆತಾಯಿಯರಿಗೆ ಆ ಹೆಸರು ವಿಚಿತ್ರವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಮಕ್ಕಳಿಗೆ ಮಾತ್ರ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದೇ ಕಾಲದಲ್ಲಿ ಅವರು ಕೈಗೊಂಡ ಮತ್ತೊಂದು ಸಾಹಸ ‘ಬಾಲಪ್ರಪಂಚ’. ಸೂರ್ಯ ಚಂದ್ರರಿಂದ ಹಿಡಿದು ಪ್ರಾಣಿಗಳವರೆಗೆ, ಯಂತ್ರಗಳಿಂದ ಹಿಡಿದು ದೇಶ ವಿದೇಶಗಳ ಜನಜೀವನದವರೆಗೆ ಲೋಕದ ಸಂಗತಿಗಳನ್ನು ಕನ್ನಡದ ಮಕ್ಕಳಿಗೆ ತಿಳಿಸುವ ಚಿತ್ರಸಹಿತವಾದ ಮೂರು ಸಂಪುಟಗಳು ಅವು. 1936ರಲ್ಲಿ ಹೊರಬಂದವು. ವಿಶ್ವವಿದ್ಯಾಲಯವೊಂದು ಹತ್ತಾರು ಪಂಡಿತರನ್ನು ಕೂಡಿಸಿ ವರ್ಷಗಟ್ಟಲೆ ಮಾಡಬೇಕಾದ ಕೆಲಸವನ್ನು ಪದವಿಯಿಲ್ಲದ ಒಬ್ಬ ಲೇಖಕ ಪುತ್ತೂರಿನ ಮೂಲೆಯಲ್ಲಿ ಕುಳಿತು ಮಾಡಿದ್ದು ಕನ್ನಡದ ಪುಸ್ತಕ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ. ವಿಜ್ಞಾನದ ಅನೇಕ ವಿಷಯಗಳಿಗೆ ಕನ್ನಡದಲ್ಲಿ ಮಾತುಗಳೇ ಇರಲಿಲ್ಲ. ಮಗುವಿಗೆ ತಿಳಿಯುವಂತೆ ಹೇಳಬೇಕೆಂಬ ಹಟವೇ ಆ ಮಾತುಗಳನ್ನು ಹುಟ್ಟಿಸಿತು. ‘ಚಿಕ್ಕವರಿಗೆ ಇಷ್ಟು ಸಾಕು’ ಎಂಬ ಮಾತು ಆ ಸಂಪುಟಗಳ ಕೋಶದಲ್ಲಿ ಇಲ್ಲ.

ಇಂಥ ಉದಾರತೆಗೆ ಬೆಲೆ ತೆರಲೇಬೇಕಾಯಿತು. ಪುಸ್ತಕವನ್ನು ತಾವೇ ಬರೆದು, ತಾವೇ ಅಚ್ಚುಮಾಡಿಸಿ, ತಾವೇ ಮಾರುವ ವ್ಯವಹಾರದಲ್ಲಿ ಲಾಭ ಕಂಡ ಕನ್ನಡ ಲೇಖಕರು ವಿರಳ. ಕಾರಂತರಿಗೂ ಸಾಲ ಬಹುಕಾಲದ ಸಂಗಾತಿಯಾಯಿತು. ಪುತ್ತೂರಿನಲ್ಲಿ ಮುದ್ರಣಾಲಯ ಹಾಕಿದರು, ಪ್ರಕಾಶನ ನಡೆಸಿದರು. ಬಂದ ಹಣ ಮುಂದಿನ ಪುಸ್ತಕಕ್ಕೋ ಮುಂದಿನ ನಾಟಕಕ್ಕೋ ಹರಿದುಹೋಯಿತು. ಇಂಥವರೊಡನೆ ಸಂಸಾರ ಹೂಡುವುದೆಂದರೆ ಸುಲಭದ ಮಾತಲ್ಲ.

ಲೀಲಾ ಕಾರಂತರು

ಆ ಕಷ್ಟವನ್ನು ನಗುಮುಖದಿಂದ ಕೈಗೆತ್ತಿಕೊಂಡವರು ಲೀಲಾ. ಬಂಟ ಮನೆತನದ ಆ ತರುಣಿಗೂ ಕೋಟದ ಬ್ರಾಹ್ಮಣ ಮನೆಯ ಕಾರಂತರಿಗೂ 1936ರ ಮೇ 6ರಂದು ವಿವಾಹವಾಯಿತು. ಜಾತಿಯ ಗೆರೆ ದಾಟುವುದೆಂದರೆ ಬಂಧುಬಳಗವನ್ನೇ ಎದುರು ಹಾಕಿಕೊಂಡಂತಿದ್ದ ಕಾಲವದು. ಮರಾಠಿಯಲ್ಲಿ ವಿದ್ಯಾಭ್ಯಾಸ ಮಾಡಿದ್ದ ಲೀಲಾ ಮದುವೆಯ ಬಳಿಕ ಕನ್ನಡವನ್ನು ಮತ್ತೆ ಕಲಿತರು. ಹರಿ ನಾರಾಯಣ ಆಪ್ಟೆಯವರ ಪ್ರಸಿದ್ಧ ಮರಾಠಿ ಕಾದಂಬರಿಯೊಂದನ್ನು ಕನ್ನಡಕ್ಕೆ ತರುವಷ್ಟರ ಮಟ್ಟಿಗೆ ಆ ಕಲಿಕೆ ಫಲಿಸಿತು. ನೃತ್ಯ ಬಲ್ಲವರಾದ್ದರಿಂದ ಪತಿಯ ಗೀತನಾಟಕಗಳಲ್ಲಿ ಅವರೂ ಪಾತ್ರ ವಹಿಸಿದರು. ಹೆಂಡತಿಯನ್ನು ಒಲೆಯ ಮುಂದೆ ಕೂರಿಸಿ ತಾನು ಮಾತ್ರ ಸ್ತ್ರೀಸ್ವಾತಂತ್ರ್ಯದ ಭಾಷಣ ಮಾಡುವ ಸುಧಾರಕರ ಸಾಲಿಗೆ ಕಾರಂತರು ಸೇರಿದವರಲ್ಲ ಎಂಬುದಕ್ಕೆ ಆ ರಂಗಸ್ಥಳವೇ ಸಾಕ್ಷಿ.

ಆ ದಾಂಪತ್ಯದಲ್ಲಿ ನಾಲ್ವರು ಮಕ್ಕಳಾದರು: ಹರ್ಷ, ಮಾಳವಿಕಾ, ಉಲ್ಲಾಸ, ಕ್ಷಮಾ. ಹರ್ಷ, ಉಲ್ಲಾಸ ಎಂಬ ಹೆಸರುಗಳನ್ನು ಆರಿಸಿದ ಮನೆಯ ಮನೋಧರ್ಮವನ್ನು ಓದುಗರೇ ಊಹಿಸಬಹುದು. ಪುತ್ತೂರಿನ ಅವರ ಪ್ರಕಾಶನದ ಹೆಸರೂ ಹರ್ಷವೇ. ಕನ್ನಡದ ಎಷ್ಟೋ ಮನೆಗಳ ಕಪಾಟಿನಲ್ಲಿದ್ದ ಪುಸ್ತಕಗಳ ಮೊದಲ ಪುಟದಲ್ಲಿ ಆ ಹೆಸರು ಅಚ್ಚಾಗಿತ್ತು.

ಗೋಪಾಲಯ್ಯನ ಮನೆ

ಕಾರಂತರ ಮನಸ್ಸು ಎಂಥ ಗೃಹಸ್ಥನನ್ನು ಮೆಚ್ಚುತ್ತಿತ್ತೆಂಬುದನ್ನು ತಿಳಿಯಬೇಕಾದರೆ 1943ರ ‘ಬೆಟ್ಟದ ಜೀವ’ವನ್ನು ತೆರೆಯಬೇಕು. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಕತ್ತಲಾದ ಮೇಲೆ ಒಂದು ಮನೆ ಸೇರುತ್ತಾನೆ. ಮನೆಯ ಯಜಮಾನ ಗೋಪಾಲಯ್ಯ ಮುದುಕ; ಆದರೆ ಅವನ ಉತ್ಸಾಹಕ್ಕೆ ಮುಪ್ಪು ತಟ್ಟಿಲ್ಲ. ಗುರುತು ಪರಿಚಯವಿಲ್ಲದ ಅತಿಥಿಗೆ ಅಭ್ಯಂಜನ, ಊಟ, ಹರಟೆ. ನಾಳೆ ಹೊರಡುತ್ತೇನೆಂದರೆ ಬಿಡದ ಒತ್ತಾಯ. ಹೆಂಡತಿ ಶಂಕರಮ್ಮನನ್ನು ಆತ ತಮಾಷೆ ಮಾಡುವುದು, ಆಕೆ ಹುಸಿಮುನಿಸು ತೋರುವುದು, ಇಬ್ಬರೂ ಸೇರಿ ಬಂದವನನ್ನು ಮನೆಮಗನಂತೆ ನೋಡಿಕೊಳ್ಳುವುದು, ಇವೆಲ್ಲ ಮಲೆನಾಡಿನ ಬೆಚ್ಚಗಿನ ಬಚ್ಚಲೊಲೆಯಂತೆ ಓದುವವರ ಮನಸ್ಸನ್ನು ಕಾಯಿಸುತ್ತವೆ.

ಆದರೆ ಆ ನಗುವಿನ ಅಡಿಯಲ್ಲಿ ಒಂದು ನೋವಿದೆ. ಅವರ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಅತಿಥಿಗೆ ಬಡಿಸುವ ಪ್ರತಿ ತುತ್ತಿನಲ್ಲೂ ಬಾರದ ಮಗನ ನೆನಪು ಬೆರೆತಿದೆ. ಹಾಗಿದ್ದೂ ಗೋಪಾಲಯ್ಯ ಕಾಡು ಕಡಿದು ತೋಟ ಮಾಡುವುದನ್ನು ಬಿಡುವುದಿಲ್ಲ, ಆಶ್ರಯ ಬಯಸಿ ಬಂದ ನಾರಾಯಣನನ್ನು ತನ್ನವನೆಂದು ಪೊರೆಯುವುದನ್ನೂ ಬಿಡುವುದಿಲ್ಲ. ದುಃಖವಿಲ್ಲದವನ ನಗು ಅಗ್ಗ. ದುಃಖವನ್ನು ಒಳಗಿಟ್ಟುಕೊಂಡು ಇತರರಿಗಾಗಿ ನಗುವವನೇ ಬೆಟ್ಟದಂಥ ಜೀವ. ನಲವತ್ತರ ಹರೆಯದ ಲೇಖಕ ಈ ಮುದುಕನನ್ನು ಸೃಷ್ಟಿಸಿದಾಗ ತನಗೂ ಅಂಥದೊಂದು ಪರೀಕ್ಷೆ ಕಾದಿದೆಯೆಂದು ಅರಿತಿರಲು ಸಾಧ್ಯವಿರಲಿಲ್ಲ.

ಹರ್ಷವಳಿದ ಮೇಲೆ

1961ರಲ್ಲಿ ಹಿರಿಯ ಮಗ ಹರ್ಷ ತೀರಿಕೊಂಡ. ಮಗನನ್ನು ಕಳೆದುಕೊಂಡ ತಂದೆಯ ಸಂಕಟವನ್ನು ಮಾತುಗಳಲ್ಲಿ ಅಳೆಯಲಾಗದು. ಆ ಸಮಯದಲ್ಲಿ ಕಾರಂತರ ಮೇಜಿನ ಮೇಲೆ ಯಾವ ಕೆಲಸವಿತ್ತು ಎಂಬುದನ್ನು ಮಾತ್ರ ನೋಡಬಹುದು. ‘ಬಾಲಪ್ರಪಂಚ’ದ ಓದುಗರು ಬೆಳೆದು ದೊಡ್ಡವರಾದರೆಂದು ಅವರು ‘ವಿಜ್ಞಾನ ಪ್ರಪಂಚ’ಕ್ಕೆ ಕೈಹಾಕಿದ್ದರು. 1959ರಲ್ಲಿ ಪ್ರಾರಂಭವಾಗಿ 1964ರವರೆಗೆ ಅದರ ನಾಲ್ಕು ಸಂಪುಟಗಳು ಬಂದವು. ಮಗನ ಸಾವು ಬಂದದ್ದು ಆ ಕೆಲಸದ ನಡುವೆ. ಪರರ ಮಕ್ಕಳಿಗೆ ಲೋಕವನ್ನು ತೋರಿಸುವ ಆ ಸಂಪುಟಗಳು ನಡುದಾರಿಯಲ್ಲಿ ನಿಲ್ಲಲಿಲ್ಲ. ದೇವರನ್ನು ಮೊರೆಹೊಕ್ಕು ಸಮಾಧಾನ ಪಡೆಯುವ ದಾರಿ ಅವರದಾಗಿರಲಿಲ್ಲ. ತಿಳಿಯದುದನ್ನು ತಿಳಿಯದೆಂದೇ ಹೇಳುವ ನಿಷ್ಠೆಯನ್ನು ಅವರು ದುಃಖದಲ್ಲೂ ಬಿಟ್ಟುಕೊಡಲಿಲ್ಲ. ಅವರಿಗೆ ಉಳಿದಿದ್ದ ಆಸರೆ ದುಡಿಮೆ.

ಲೀಲಾ ಅವರ ಪಾಲಿಗೆ ಮುಂದಿನ ವರ್ಷಗಳು ಇನ್ನೂ ಕಠಿಣವಾದವು. ಕೊನೆಯ ವರ್ಷಗಳಲ್ಲಿ ಅವರು ತೀವ್ರವಾದ ಮನೋವ್ಯಾಧಿಯಿಂದ ನರಳಿ, 1986ರ ಸೆಪ್ಟೆಂಬರಿನಲ್ಲಿ ಕಣ್ಮುಚ್ಚಿದರು. ಐವತ್ತು ವರ್ಷಗಳ ದಾಂಪತ್ಯ ಹಾಗೆ ಮುಗಿಯಿತು. ಕಾರಂತರಿಗೆ ಆಗ ಎಂಬತ್ತನಾಲ್ಕು ತುಂಬಲು ಕೆಲವೇ ದಿನಗಳಿದ್ದವು.

ಅಜ್ಜಿಯನ್ನು ಪ್ರಶ್ನಿಸುವ ಮೊಮ್ಮಗ

ಕನ್ನಡ ಕಾದಂಬರಿ ಲೋಕದ ಅತ್ಯಂತ ಪ್ರಸಿದ್ಧ ಅಜ್ಜಿಯೂ ಕಾರಂತರ ಮನೆಯವಳೇ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು. ದೇವರು, ಮದುವೆ, ಜಾತಿ, ಸಾವು ಮೊದಲಾಗಿ ದೊಡ್ಡ ವಿಷಯಗಳೆಲ್ಲ ಆ ಕೃತಿಯಲ್ಲಿ ಬರುತ್ತವೆ. ಆದರೆ ಅದರ ಕಟ್ಟಡ ನಿಂತಿರುವುದು ಮನೆಯ ಜಗಲಿಯಲ್ಲಿ ನಡೆಯುವ ಅಜ್ಜಿ ಮೊಮ್ಮಗನ ಮಾತುಕತೆಯ ಮೇಲೆ. ಮೊಮ್ಮಗ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ಕೇಳಿದ್ದಕ್ಕೆ ಅಜ್ಜಿ ಗದರುವುದಿಲ್ಲ. ಕೇಳಬಾರದ ಪ್ರಶ್ನೆಯೆಂಬುದೇ ಅವಳ ಬಳಿ ಇಲ್ಲ. ನಮ್ಮ ಮನೆಗಳಲ್ಲಿ ಅಧಿಕಪ್ರಸಂಗವೆಂದು ಬಾಯಿ ಮುಚ್ಚಿಸುವ ಪ್ರಶ್ನೆಗಳೇ ಅಲ್ಲಿ ಕಥೆಯ ಜೀವಾಳ.

ಭಾರ್ಗವನೂ ಅಜ್ಜನೂ ಒಂದಾಗುವುದು ಇಲ್ಲಿಯೇ. ವಯಸ್ಸು, ಪದವಿ, ಜಾತಿ, ಸಂಪ್ರದಾಯಗಳ ಬಲದಿಂದ ಬಾಯಿ ಮುಚ್ಚಿಸುವವರನ್ನು ಕಂಡರೆ ಕಾರಂತರಿಗೆ ಕೋಪ. ಹಾಗೆ ಬಾಯಿ ಮುಚ್ಚಿಸಿಕೊಳ್ಳುವವರಲ್ಲಿ ಮಗುವೇ ಮೊದಲನೆಯದು. ಆದ್ದರಿಂದ ಅವರ ಕೊಡಲಿ ದೊಡ್ಡವರ ಕಡೆಗೆ, ಅವರ ಕಿವಿ ಚಿಕ್ಕವರ ಕಡೆಗೆ. ತುರ್ತುಪರಿಸ್ಥಿತಿಯ ವಿರುದ್ಧ ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ಕೈಯೇ ಶಾಲೆಯ ಹುಡುಗನ ಕಾಗದಕ್ಕೆ ಉತ್ತರ ಬರೆಯುತ್ತಿತ್ತು.

ಸಾಲಿಗ್ರಾಮದ ಅಂಚೆ

1974ರಲ್ಲಿ ಕಾರಂತರು ನಾಲ್ಕು ದಶಕಗಳ ಪುತ್ತೂರಿನ ವಾಸ ಮುಗಿಸಿ ಹುಟ್ಟೂರಿನ ಪಕ್ಕದ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಬಂದ ಕಾಗದಗಳಿಗೆ ತಪ್ಪದೆ ಉತ್ತರಿಸುವುದು ಅವರ ನಿತ್ಯನೇಮ. ಹೆಸರಾಂತ ಲೇಖಕರ ಪತ್ರಕ್ಕೂ ಯಾವುದೋ ಹಳ್ಳಿಯ ವಿದ್ಯಾರ್ಥಿಯ ಪತ್ರಕ್ಕೂ ಉತ್ತರ ಹೋಗುತ್ತಿತ್ತು. ಸುತ್ತುಬಳಸಿಲ್ಲದ ನಾಲ್ಕೇ ಸಾಲುಗಳಿದ್ದರೂ ಬರೆದ ಮಗುವಿಗೆ ಅದು ಬಂಗಾರದ ಓಲೆ. ಮುಂದೆ ‘ತರಂಗ’ ವಾರಪತ್ರಿಕೆಯಲ್ಲಿ ‘ಬಾಲವನದಲ್ಲಿ ಕಾರಂತಜ್ಜ’ ಎಂಬ ಅಂಕಣ ಪ್ರಾರಂಭವಾದಾಗ ಈ ಅಜ್ಜನಿಗೆ ನಾಡಿನ ತುಂಬ ಮೊಮ್ಮಕ್ಕಳಾದರು. ವಿಜ್ಞಾನವೇ ಮೊದಲಾದ ವಿಷಯಗಳ ಮೇಲೆ ಮಕ್ಕಳು ಪ್ರಶ್ನೆ ಕಳುಹಿಸುವುದು, ಅಜ್ಜ ಉತ್ತರಿಸುವುದು. ಆ ಉತ್ತರಗಳು ಮುಂದೆ ಪುಸ್ತಕಗಳಾಗಿಯೂ ಬಂದವು. ಪ್ರಶ್ನೆಗೆ ಉತ್ತರ ಕೊಡಲು ಹಣ ಬೇಡ. ಸಮಯ ಬೇಕು, ತಾಳ್ಮೆ ಬೇಕು. ಮನೆಯ ಹಿರಿಯರು ಮಕ್ಕಳಿಗೆ ಕೊಡಲು ಹಿಂಜರಿಯುವ ವಸ್ತುಗಳು ಅವೆರಡೇ.

ಆಟದ ಹುಮ್ಮಸ್ಸೂ ಅವರನ್ನು ಬಿಟ್ಟಿರಲಿಲ್ಲ. ಎಳೆತನದಿಂದ ಮೆಚ್ಚಿದ ಯಕ್ಷಗಾನದ ಕುರಿತು ಸಂಶೋಧನೆ ಮಾಡಿ ಬರೆದ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಅವರು ಪಾಂಡಿತ್ಯಕ್ಕೆ ತೃಪ್ತರಾಗದೆ ತಂಡ ಕಟ್ಟಿದರು, ಮಾತು ತೆಗೆದು ಕುಣಿತಕ್ಕೂ ಹಾಡಿಗೂ ಒತ್ತು ಕೊಟ್ಟರು, ಪಿಟೀಲು ಸ್ಯಾಕ್ಸೊಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿ ಸಂಪ್ರದಾಯಸ್ಥರ ಹುಬ್ಬು ಗಂಟಿಕ್ಕಿಸಿದರು. ಕಲಾವಿದರಿಗೆ ಹೆಜ್ಜೆ ತೋರಿಸಲು ಅವರು ಸ್ವತಃ ಎದ್ದು ಕುಣಿಯುತ್ತಿದ್ದರು. ತಲೆ ನರೆತ ಮೇಲೆ ಗೆಜ್ಜೆಯ ಮಾತೇಕೆ ಎಂಬ ಲೋಕಾಚಾರ ಅವರನ್ನು ಎಂದೂ ಬಾಧಿಸಲಿಲ್ಲ.

ಮುಂದಿನವರ ಪಾಲು

1989ರಲ್ಲಿ ಎಂಬತ್ತೇಳರ ಹೊಸ್ತಿಲಿನಲ್ಲಿ ಕಾರಂತರು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಅಧಿಕಾರದ ಆಸೆಯಿಂದಲ್ಲ. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡವೆಂಬ ದನಿಯನ್ನು ಜನರ ಮುಂದಿಡಲು. ಅವರು ಸೋತರು, ಸ್ಥಾವರವೂ ಎದ್ದಿತು. ಆ ವಾದದ ಸರಿತಪ್ಪುಗಳನ್ನು ಕುರಿತು ಭಿನ್ನಾಭಿಪ್ರಾಯವಿರಬಹುದು. ಆದರೆ ತಾನು ಕಾಣಲಾರದ ಕಾಲದ ನದಿ, ಕಾಡುಗಳಿಗಾಗಿ ಇಳಿವಯಸ್ಸಿನಲ್ಲಿ ಊರೂರು ಸುತ್ತಿದುದು ಮೊಮ್ಮಕ್ಕಳ ಪಾಲನ್ನು ಕಾಯಲು ಹೊರಟ ಅಜ್ಜನ ಕೆಲಸವೇ. ತೊಂಬತ್ತು ದಾಟಿದ ಮೇಲೂ ಅವರ ಲೇಖನಿ ಹಕ್ಕಿಗಳ ಕುರಿತು ಪುಸ್ತಕ ಬರೆಯುವ ಉತ್ಸಾಹ ಉಳಿಸಿಕೊಂಡಿತ್ತು. 1997ರ ಡಿಸೆಂಬರ್ 9ರಂದು, ತೊಂಬತ್ತೈದು ತುಂಬಿದ ಎರಡು ತಿಂಗಳಿಗೆ, ಅವರು ಮಣಿಪಾಲದಲ್ಲಿ ಕೊನೆಯುಸಿರೆಳೆದರು.

ಅವರು ಬಿಟ್ಟುಹೋದ ಆಸ್ತಿ ಎಲ್ಲಿದೆ? ಮಗ ಉಲ್ಲಾಸ ಕಾರಂತರು ಹುಲಿಗಳ ಜೀವನವನ್ನು ಅಭ್ಯಸಿಸಿದ ವಿಜ್ಞಾನಿಯಾಗಿ ಲೋಕವಿಖ್ಯಾತರು. ಮಗಳು ಮಾಳವಿಕಾ ಕಪೂರ್ ಮಕ್ಕಳ ಮನಸ್ಸನ್ನು ಅರಿಯುವ ಮನಶ್ಶಾಸ್ತ್ರವನ್ನು ತಮ್ಮ ಕ್ಷೇತ್ರವಾಗಿಸಿಕೊಂಡರು. ಇವರಿಬ್ಬರೂ ಕ್ಷಮಾ ಅವರೂ ಕೂಡಿ ತಂದೆಯ ನೆರಳಿನಲ್ಲಿ ಬೆಳೆದ ಬಗೆಯನ್ನು 2021ರಲ್ಲಿ ಪ್ರಕಟವಾದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಇಂಗ್ಲಿಷ್ ಪುಸ್ತಕದಲ್ಲಿ ನೆನೆದಿದ್ದಾರೆ. ತಂದೆಯನ್ನು ನಾಡು ನೆನೆಯುವುದು ಒಂದು ಬಗೆ. ಮೂವರು ಮಕ್ಕಳು ಒಟ್ಟಾಗಿ ಕುಳಿತು ನೆನೆಯುವುದು ಇನ್ನೊಂದು ಬಗೆ. ಎಲ್ಲ ದೊಡ್ಡವರಿಗೂ ಆ ಭಾಗ್ಯ ದೊರೆಯದು. ಮೊಮ್ಮಗಳು ಕೃತಿ ಕಾರಂತರೂ ವನ್ಯಜೀವಿ ವಿಜ್ಞಾನಿ. ಅಭಯಾರಣ್ಯಗಳ ಅಂಚಿನ ಹಳ್ಳಿಗಳ ಶಾಲಾಮಕ್ಕಳಿಗೆ ಕಾಡನ್ನೂ ಅದರ ಪ್ರಾಣಿಗಳನ್ನೂ ಆಟ, ಕಥೆ, ಚಟುವಟಿಕೆಗಳ ಮೂಲಕ ಪರಿಚಯಿಸುವ ‘ವೈಲ್ಡ್ ಶಾಲೆ’ ಎಂಬ ಕಾರ್ಯಕ್ರಮವನ್ನು ಅವರ ಸಂಸ್ಥೆ 2018ರಲ್ಲಿ ಪ್ರಾರಂಭಿಸಿತು.

ಪರ್ಲಡ್ಕದ ಬಾಲವನ ಇಂದು ಸರಕಾರದ ಆಶ್ರಯದಲ್ಲಿದೆ. ಕಾರಂತರು ಬಾಳಿದ ಮನೆಯನ್ನು ನೋಡಲು ಜನ ಬರುತ್ತಾರೆ. ತಂದೆತಾಯಿಯರ ಕೈಹಿಡಿದು ಬಂದ ಮಕ್ಕಳಿಗೆ ಆ ಮನೆಯೊಳಗಿನ ಪ್ರಶಸ್ತಿ ಪುರಸ್ಕಾರಗಳ ವಿವರಕ್ಕಿಂತ ಹೊರಗಿನ ಅಂಗಳವೇ ಪ್ರಿಯವಾಗುತ್ತದೆ. ‘ಅಲ್ಲಿ ಓಡಬೇಡ, ಇಲ್ಲಿ ಬಂದು ಇದನ್ನು ಓದು’ ಎಂದು ಹಿರಿಯರು ಗದರಿದರೆ, ಕಾರಂತಜ್ಜ ಯಾರ ಪಕ್ಷ ವಹಿಸುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ.